ಗಡ್ಡೆಯೊಳಗಿನ ಕಾವಲುಗಾರ

ಪ್ಲೇಗಿನ ವರ್ಷವೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ವರ್ಷವೆಂದೇ ನಮ್ಮ ಹಿರಿಯರ ಲೆಕ್ಕ. 1898ರಲ್ಲಿ ಹುಬ್ಬಳ್ಳಿಗೆ ಬಡಿದ ಆ ಬೇನೆ, ಆಗಸ್ಟಿನಲ್ಲಿ ರೈಲುದಾರಿ ಹಿಡಿದು ಬೆಂಗಳೂರಿಗೂ ಬಂದಿತು. ಮೊದಲು ಇಲಿ ಬೀಳುವುದು, ಆಮೇಲೆ ಜ್ವರ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ. ಗಡ್ಡೆ ಅಲ್ಲಿಯೇ ಏಕೆ?

ನಮ್ಮ ಶರೀರದಲ್ಲಿ ಮ್ಯಾಕ್ರೊಫೇಜ್, ಅಂದರೆ ಮಹಾಭಕ್ಷಕ, ಎಂಬ ಜೀವಕೋಶಗಳುಂಟು. ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗಿ ಅರಗಿಸುವುದೇ ಅವುಗಳ ಕಸುಬು. ರಷ್ಯದ ಮೆಚ್ನಿಕಾಫರು 1882ರಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ, ಇಂಥ ಕೋಶಗಳು ಮುಳ್ಳನ್ನು ಮುತ್ತುವುದನ್ನು ಕಂಡರು. ಪ್ಲೇಗಿನ ರೋಗಾಣುವೋ ಮಹಾಕಪಟಿ! ನುಂಗಿಸಿಕೊಂಡರೂ ಸಾಯದು. ಕಾವಲುಗಾರನ ಒಡಲಲ್ಲೇ ಅಡಗಿ, ಬೆಳೆದು, ದುಗ್ಧಗ್ರಂಥಿಯನ್ನು ಸೇರುತ್ತದೆ. ಅಲ್ಲಿ ಉರಿಯೂತವೆದ್ದು ಗಡ್ಡೆ ಕಟ್ಟುತ್ತದೆ.

ಈ ರೋಗಕ್ಕೆ ಲಸಿಕೆ ತಯಾರಿಸಿದ ಹಾಫ್‌ಕಿನ್ನರು ಮೆಚ್ನಿಕಾಫರ ಶಿಷ್ಯರೇ. 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ತೋಳೊಡ್ಡಿದರು. ಅದು ಪೂರ್ಣರಕ್ಷಣೆಯೇನೂ ಅಲ್ಲ. ಚುಚ್ಚಿದ ತೋಳು ಊದಿ ಜ್ವರವೂ ಬರುತ್ತಿತ್ತು. ಆದರೂ ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡಾಗ, ನುಂಗುವ ಕೋಶಗಳ ಕೈ ಮೇಲಾಗುತ್ತದೆ. ಬೆಂಗಳೂರಿನವರು ಮತ್ತೊಂದು ದಾರಿಯನ್ನೂ ಹಿಡಿದರು: ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳಿಗೆ ಹೊರಟರು.