ಉಕ್ಕಿನ ಒಳಲಂಗ

‘ಕ್ರಿನೊಲಿನ್’ ಎಂಬ ಹೆಸರಲ್ಲೇ ಕುದುರೆಗೂದಲಿದೆ. ಫ್ರೆಂಚಿನಲ್ಲಿ ‘ಕ್ರಿನ್’ ಎಂದರೆ ಅದೇ. 1840ರ ದಶಕದಲ್ಲಿ ಯುರೋಪಿನ ಹೆಂಗಸರು ಲಂಗ ಅಗಲವಾಗಿ ನಿಲ್ಲಲೆಂದು ಆ ಕೂದಲು ಸೇರಿಸಿ ನೇಯ್ದ ಒಳಲಂಗದ ಜೊತೆಗೆ ಗಂಜಿ ಹಾಕಿದ ಇನ್ನೂ ಹಲವು ಒಳಲಂಗಗಳನ್ನು ತೊಡುತ್ತಿದ್ದರು. ಸೊಂಟದ ಗತಿ ಏನಾಗಿರಬೇಡ! 1856ರಲ್ಲಿ ಉಕ್ಕಿನ ಬಳೆಗಳ ಪಂಜರ ಬಂತು. ಪತ್ರಿಕೆಗಳು ನಕ್ಕವು. ತೊಟ್ಟವರಿಗೆ ಮಾತ್ರ ಭಾರ ಇಳಿಯಿತು, ಕಾಲಾಡಿಸಲು ಜಾಗವಾಯಿತು. ಪಂಜರವೆಂದು ಮರುಗುವವರು ಇದನ್ನು ಮರೆಯುತ್ತಾರೆಂದು ನನಗನ್ನಿಸುತ್ತದೆ.

ಆದರೆ ಬೆಂಕಿ? ಅಷ್ಟು ದೂರದ ಅಂಚು ಎಲ್ಲಿ ತಗಲಿತೆಂದು ತೊಟ್ಟವಳಿಗೇ ತಿಳಿಯದು. ಈ ಉಡುಪು ಕಡಲು ದಾಟಿ ಚಿಲಿ ದೇಶಕ್ಕೂ ಹೋಗಿತ್ತು. 1863ರ ಡಿಸೆಂಬರ್ 8ರಂದು ಅಲ್ಲಿನ ಸಾಂಟಿಯಾಗೊದ ಚರ್ಚೊಂದು ಹೊತ್ತಿ ಉರಿದು 2000ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಹೆಂಗಸರು. ಓಡಲು ಹೋದವರಿಗೆ ಆ ಅಗಲದ ಲಂಗಗಳೇ ಅಡ್ಡವಾದವು. ಆ ದಶಕ ಮುಗಿಯುವಷ್ಟರಲ್ಲಿ ಲಂಗದ ಉಬ್ಬು ಬೆನ್ನ ಹಿಂದಕ್ಕೆ ಸರಿದಿತ್ತು.