ಗೇಮಿಂಗ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡಿನ ಆಯ್ಕೆ

ಗ್ರಾಫಿಕ್ಸ್ ಕಾರ್ಡ್ ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ಮೂಡಬೇಕಾದ ಚಿತ್ರಗಳನ್ನು ಲೆಕ್ಕಹಾಕಿ ರೂಪಿಸುವ, ಮದರ್‌ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಜೋಡಿಸಬಹುದಾದ ಯಂತ್ರಭಾಗ. ಬಳಕೆಯಲ್ಲಿರುವ ಕಂಪ್ಯೂಟರಿನ ಹಳೆಯ ಕಾರ್ಡನ್ನು ತೆಗೆದು ಅದರ ಸ್ಥಾನದಲ್ಲಿ ಹೆಚ್ಚು ಸಾಮರ್ಥ್ಯದ ಕಾರ್ಡನ್ನು ಅಳವಡಿಸುವುದನ್ನು ಉನ್ನತೀಕರಣವೆಂದು ಕರೆಯಲಾಗುತ್ತದೆ. ಗೇಮಿಂಗ್ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅತ್ಯಂತ ದುಬಾರಿಯಾದ ಭಾಗ ಇದೇ. ಆಯ್ಕೆ ತಪ್ಪಿದರೆ ಹಣವೂ ಹೋಗುತ್ತದೆ, ಆಟದ ವೇಗವೂ ಹೆಚ್ಚುವುದಿಲ್ಲ. ಆದಕಾರಣ ಕಾರ್ಡಿನ ಸಾಮರ್ಥ್ಯವನ್ನು ಮಾತ್ರ ನೋಡದೆ, ಅದು ಸೇರಲಿರುವ ಕಂಪ್ಯೂಟರಿನ ಇತರ ಭಾಗಗಳನ್ನೂ ಪರಿಶೀಲಿಸುವುದು ಅಗತ್ಯ. ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ಆದ್ದರಿಂದ ಇಲ್ಲಿನ ವಿವರಗಳು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಸಂಬಂಧಿಸಿದವು.

ಹಿನ್ನೆಲೆ

1996ರಲ್ಲಿ ಬಂದ ತ್ರೀಡಿಎಫ್ಎಕ್ಸ್ ಸಂಸ್ಥೆಯ ವೂಡೂ ಕಾರ್ಡು ಮೂರು ಆಯಾಮದ ಚಿತ್ರಗಳನ್ನು ಮಾತ್ರ ರಚಿಸುತ್ತಿತ್ತು. ಸಾಮಾನ್ಯ ಪರದೆಗೆ ಬೇರೊಂದು ಕಾರ್ಡು ಇರಲೇಬೇಕಿತ್ತು. 1999ರಲ್ಲಿ ಎನ್‌ವಿಡಿಯಾ ಸಂಸ್ಥೆ ತನ್ನ ಜಿಫೋರ್ಸ್ 256 ಕಾರ್ಡನ್ನು ಹೊರತಂದು, ಅದನ್ನು ಜಿಪಿಯು ಎಂಬ ಹೆಸರಿನಿಂದ ಪ್ರಚಾರ ಮಾಡಿತು. ತ್ರೀಡಿಎಫ್ಎಕ್ಸ್‌ನ ಆಸ್ತಿಗಳು ಕೆಲಕಾಲದಲ್ಲೇ ಎನ್‌ವಿಡಿಯಾದ ಪಾಲಾದವು. 2006ರಲ್ಲಿ ಎಎಂಡಿ ಸಂಸ್ಥೆ ಎಟಿಐಯನ್ನು ಕೊಂಡು ರೇಡಿಯಾನ್ ಕಾರ್ಡುಗಳ ಒಡೆತನ ಪಡೆಯಿತು. 2022ರಲ್ಲಿ ಇಂಟೆಲ್ ತನ್ನ ಆರ್ಕ್ ಕಾರ್ಡುಗಳೊಂದಿಗೆ ಮೂರನೆಯ ಸ್ಪರ್ಧಿಯಾಯಿತು.

ಈ ಮೂರು ಸಂಸ್ಥೆಗಳು ಮುಖ್ಯವಾಗಿ ಚಿಪ್ಪನ್ನು ವಿನ್ಯಾಸಗೊಳಿಸುತ್ತವೆ. ಅಂಗಡಿಯಲ್ಲಿ ದೊರೆಯುವ ಹೆಚ್ಚಿನ ಕಾರ್ಡುಗಳನ್ನು ತಯಾರಿಸುವವರು ಅಸುಸ್, ಎಂಎಸ್ಐ, ಗಿಗಾಬೈಟ್, ಝೋಟ್ಯಾಕ್, ಸಫೈರ್ ಮೊದಲಾದವರು. ಒಂದೇ ಚಿಪ್ಪಿನ ಎರಡು ಕಾರ್ಡುಗಳ ಬೆಲೆಯಲ್ಲಿ ಸಾವಿರಾರು ರೂಪಾಯಿಗಳ ಅಂತರವಿರಬಹುದು. ಆ ಅಂತರ ಬಹುಪಾಲು ಫ್ಯಾನು, ತಂಪುಗೊಳಿಸುವ ಲೋಹದ ಪಟ್ಟಿ, ಅಲಂಕಾರದ ದೀಪ ಮತ್ತು ವಾರಂಟಿಗೆ ಸಲ್ಲುವುದೇ ಹೊರತು ಆಟದ ವೇಗಕ್ಕಲ್ಲ.

ಮಾನಿಟರ್ ಮತ್ತು ಕಾರ್ಡಿನ ಸಂಬಂಧ

ಕಾರ್ಡು ಎಷ್ಟು ದುಡಿಯಬೇಕೆಂಬುದನ್ನು ಮಾನಿಟರ್ ಬಹುಮಟ್ಟಿಗೆ ನಿರ್ಧರಿಸುತ್ತದೆ. 1920 × 1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿರುತ್ತವೆ. 2560 × 1440ರಲ್ಲಿ 36.9 ಲಕ್ಷ, 4ಕೆ ಎಂದು ಕರೆಯಲಾಗುವ 3840 × 2160ರಲ್ಲಿ 83 ಲಕ್ಷ. ಸೆಕೆಂಡಿಗೆ 60 ಚಿತ್ರಗಳು ಬೇಕಾದರೆ ಒಂದೊಂದನ್ನೂ 16.7 ಮಿಲಿಸೆಕೆಂಡಿನೊಳಗೆ ಮುಗಿಸಬೇಕು. 144 ಚಿತ್ರಗಳಾದರೆ ದೊರೆಯುವ ಅವಧಿ 7 ಮಿಲಿಸೆಕೆಂಡಿಗಿಂತಲೂ ಕಡಿಮೆ. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚು ತೋರಿಸಲಾರದು. ಅಂತಹ ಹಳೆಯ ಮಾನಿಟರನ್ನು ಉಳಿಸಿಕೊಂಡು ಲಕ್ಷ ರೂಪಾಯಿಯ ಕಾರ್ಡನ್ನು ಕೊಳ್ಳುವುದು ಅರ್ಥವಿಲ್ಲದ ವೆಚ್ಚ. ಅದಕ್ಕಿಂತ ಮಧ್ಯಮ ದರ್ಜೆಯ ಕಾರ್ಡನ್ನೂ ಉತ್ತಮ ಮಾನಿಟರನ್ನೂ ಒಟ್ಟಿಗೆ ಕೊಳ್ಳುವುದು ಲೇಸು.

ಅಡಚಣೆಯ ಮೂಲ

ಆಟ ನಡೆಯುವಾಗ ಪ್ರೊಸೆಸರ್ ದೃಶ್ಯದಲ್ಲಿ ಯಾವ ವಸ್ತು ಎಲ್ಲಿದೆ, ಯಾರು ಚಲಿಸಿದರು ಎಂಬುದನ್ನು ನಿರ್ಣಯಿಸಿ ಕಾರ್ಡಿಗೆ ಆಜ್ಞೆ ಕಳುಹಿಸುತ್ತದೆ; ಕಾರ್ಡು ಆ ಚಿತ್ರಕ್ಕೆ ರೂಪ, ಬಣ್ಣ, ನೆರಳುಗಳನ್ನು ಕೊಡುತ್ತದೆ. ಒಬ್ಬನು ರೇಖೆ ಎಳೆದುಕೊಟ್ಟು ಇನ್ನೊಬ್ಬನು ಬಣ್ಣ ತುಂಬುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ರೇಖೆ ಎಳೆಯುವವನು ನಿಧಾನಿಯಾದರೆ ಬಣ್ಣ ತುಂಬುವವನು ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ಕೂರಬೇಕಾಗುತ್ತದೆ.

ಅಡಚಣೆ ಎಲ್ಲಿದೆಯೆಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ ಹಾಗೂ ವೇಗದ ಮಿತಿಯನ್ನು ತೆಗೆದು, ರೆಸಲ್ಯೂಶನ್ ಅನ್ನು ಕಡಿಮೆ ಮಾಡಿ ನೋಡಬೇಕು. ಆಗ ಸೆಕೆಂಡಿನ ಚಿತ್ರಗಳ ಸಂಖ್ಯೆ ಗಮನಾರ್ಹವಾಗಿ ಏರಿದರೆ ಇದುವರೆಗೆ ತಡೆಯಾಗಿದ್ದುದು ಕಾರ್ಡು. ಸಂಖ್ಯೆ ಇದ್ದಲ್ಲಿಯೇ ಇದ್ದರೆ ಪ್ರೊಸೆಸರ್ ಅಥವಾ ರ್‍ಯಾಮ್ ತಡೆಯಾಗಿದೆ. ಹೊಸ ಕಾರ್ಡಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ರ್‍ಯಾಮ್ ಪಟ್ಟಿಯಿರುವ ಕಂಪ್ಯೂಟರಿಗೆ ಅದೇ ಬಗೆಯ ಇನ್ನೊಂದನ್ನು ಜೋಡಿಸುವುದರಿಂದಲೇ ಕೆಲವೊಮ್ಮೆ ಆಟದ ತೊಡಕು ನಿವಾರಣೆಯಾಗುತ್ತದೆ. ಇದರ ಬೆಲೆ ಕಾರ್ಡಿನ ಬೆಲೆಯ ಒಂದು ಸಣ್ಣ ಅಂಶ. ಮಕ್ಕಳು ಕಾರ್ಡು ಬೇಕೆಂದು ಹಟ ಹಿಡಿದ ಮನೆಗಳಲ್ಲಿ ಮೊದಲು ಈ ಪರೀಕ್ಷೆ ನಡೆಯುವುದು ಒಳ್ಳೆಯದು.

ಕಾರ್ಡಿನ ಮೆಮೊರಿ

ದೃಶ್ಯದ ಮೇಲ್ಮೈ ಚಿತ್ರಗಳು ಮತ್ತು ಆಕೃತಿಗಳ ಮಾಹಿತಿಯನ್ನು ಕಾರ್ಡು ತನ್ನದೇ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದು ತುಂಬಿಹೋದರೆ ಮಾಹಿತಿಯನ್ನು ಕಂಪ್ಯೂಟರಿನ ಮುಖ್ಯ ರ್‍ಯಾಮ್‌ನಿಂದ ತರಿಸಿಕೊಳ್ಳಬೇಕಾಗುತ್ತದೆ. ಈ ಹಾದಿ ಬಹಳ ನಿಧಾನವಾದುದರಿಂದ ಆಟ ನಡುನಡುವೆ ತಡವರಿಸುತ್ತದೆ. ಕೆಲವು ಆಟಗಳಲ್ಲಿ ಗೋಡೆ, ನೆಲಗಳ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ಕಾರ್ಡಿನ ಮೆಮೊರಿಯನ್ನು ಬಳಕೆದಾರರು ಮುಂದೆ ಹೆಚ್ಚಿಸಿಕೊಳ್ಳುವಂತಿಲ್ಲ.

2021ರ ಆರ್‌ಟಿಎಕ್ಸ್ 3060 ಕಾರ್ಡಿನಲ್ಲಿ 12 ಜಿಬಿ ಮೆಮೊರಿಯಿತ್ತು. 2023ರಲ್ಲಿ ಬಂದ ಆರ್‌ಟಿಎಕ್ಸ್ 4060ರಲ್ಲಿ 8 ಜಿಬಿ ಮಾತ್ರ. ಹೊಸ ಕಾರ್ಡು ಹೆಚ್ಚಿನ ಆಟಗಳಲ್ಲಿ ವೇಗವಾಗಿದೆ, ವಿದ್ಯುತ್ತನ್ನೂ ಕಡಿಮೆ ಬಳಸುತ್ತದೆ. ಆದರೆ ಮೆಮೊರಿಯನ್ನು ಧಾರಾಳವಾಗಿ ಬೇಡುವ ಆಟಗಳಲ್ಲಿ, ಚಿತ್ರದ ಗುಣಮಟ್ಟವನ್ನು ಮೇಲಿನ ಹಂತದಲ್ಲಿ ಇರಿಸಿದಾಗ, ಹಳೆಯ ಕಾರ್ಡಿಗೆ ಸರಾಗವಾದದ್ದು ಹೊಸದಕ್ಕೆ ಕಷ್ಟವಾಗಬಹುದು. 1080 ಪರದೆಯಲ್ಲಿ ಸ್ಪರ್ಧಾತ್ಮಕ ಆಟಗಳನ್ನಷ್ಟೇ ಆಡುವವರಿಗೆ 8 ಜಿಬಿ ಸಾಕು. ನಾಲ್ಕೈದು ವರ್ಷ ಬಾಳಬೇಕೆಂದು ಕೊಳ್ಳುವವರು 12 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನದನ್ನು ಅರಸುವುದು ಸೂಕ್ತ.

ಹೆಸರುಗಳ ಗೊಂದಲ

ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿಗಳು ಪೀಳಿಗೆಯನ್ನೂ ಕೊನೆಯ ಎರಡು ಅಂಕಿಗಳು ದರ್ಜೆಯನ್ನೂ ಸೂಚಿಸುತ್ತವೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಕಾರ್ಡು ದೊಡ್ಡದಲ್ಲ: ಆರ್‌ಟಿಎಕ್ಸ್ 4060 ತನಗಿಂತ ಹಿಂದಿನ ಪೀಳಿಗೆಯ 3060 ಟಿಐಗೆ ಹೆಚ್ಚುಕಡಿಮೆ ಸರಿಸಮ.

ಇದಕ್ಕಿಂತ ಕೆಟ್ಟದ್ದು ಒಂದೇ ಹೆಸರಿನಲ್ಲಿ ಎರಡು ಬಗೆಯ ಸರಕನ್ನು ಮಾರುವ ಪದ್ಧತಿ. 2016ರ ಜಿಟಿಎಕ್ಸ್ 1060 ಕಾರ್ಡು 6 ಜಿಬಿ ಮತ್ತು 3 ಜಿಬಿ ಎಂಬ ಎರಡು ರೂಪಗಳಲ್ಲಿ ಬಂತು. ಮೆಮೊರಿಯಷ್ಟೇ ವ್ಯತ್ಯಾಸವೆಂದು ಕೊಳ್ಳುವವರು ಭಾವಿಸಿದರು. ವಾಸ್ತವದಲ್ಲಿ ಮೊದಲನೆಯದರಲ್ಲಿ 1280 ಗಣಕ ಘಟಕಗಳೂ ಎರಡನೆಯದರಲ್ಲಿ 1152 ಘಟಕಗಳೂ ಇದ್ದವು. ಜಿಟಿ 1030ರ ಕಥೆ ಇನ್ನೂ ಶೋಚನೀಯ. 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದ ಈ ಅಗ್ಗದ ಕಾರ್ಡು ಮರುವರ್ಷ ಡಿಡಿಆರ್4 ಮೆಮೊರಿಯೊಂದಿಗೂ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿಯಿಂದ ಸುಮಾರು 17 ಜಿಬಿಗೆ ಇಳಿದಿತ್ತು. ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಓದದವರಿಗೆ ಇದು ತಿಳಿಯುವಂತಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4080 ಎಂಬ ಹೆಸರನ್ನು 16 ಜಿಬಿ ಮತ್ತು 12 ಜಿಬಿಯ ಎರಡು ಕಾರ್ಡುಗಳಿಗೆ ಘೋಷಿಸಿತು. ಎರಡರ ಘಟಕಗಳ ಸಂಖ್ಯೆ ಕ್ರಮವಾಗಿ 9728 ಮತ್ತು 7680. ಈ ಬಾರಿ ಟೀಕೆ ಎಷ್ಟು ತೀವ್ರವಾಯಿತೆಂದರೆ ಸಂಸ್ಥೆಯು ಅಕ್ಟೋಬರಿನಲ್ಲಿ 12 ಜಿಬಿಯ ಕಾರ್ಡನ್ನು ಬಿಡುಗಡೆಗೆ ಮುನ್ನವೇ ಹಿಂತೆಗೆದುಕೊಂಡು, 2023ರ ಜನವರಿಯಲ್ಲಿ ಅದನ್ನೇ 4070 ಟಿಐ ಎಂಬ ಹೆಸರಿನಿಂದ ಮಾರಿತು. ಬಳಕೆದಾರರ ವಿಮರ್ಶೆಗೆ ಬೆಲೆಯಿದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿನ ತೊಡಕು ಬೇರೆ ಬಗೆಯದು. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಮಾಹಿತಿ ಹರಿಯಲು 16 ಪಥಗಳಿರುತ್ತವೆ. ಈ ಕಾರ್ಡು ಬಳಸುವುದು 4 ಪಥಗಳನ್ನು ಮಾತ್ರ. ನಾಲ್ಕನೆಯ ಆವೃತ್ತಿಯ ಸ್ಲಾಟಿನಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 8 ಜಿಬಿ ವೇಗ ದೊರೆತರೆ ಮೂರನೆಯ ಆವೃತ್ತಿಯಲ್ಲಿ 4 ಜಿಬಿ ಮಾತ್ರ ದೊರೆಯುತ್ತದೆ. ಕಾರ್ಡಿನ ಸ್ವಂತ ಮೆಮೊರಿಯೂ ಸಾಮಾನ್ಯವಾಗಿ 4 ಜಿಬಿಯಷ್ಟೇ ಆದುದರಿಂದ ಹಳೆಯ ಮದರ್‌ಬೋರ್ಡಿನಲ್ಲಿ ಅದು ಬಹಳವಾಗಿ ಸೊರಗುತ್ತದೆ. ಅಗ್ಗದ ಉನ್ನತೀಕರಣವನ್ನು ಬಯಸುವವರ ಬಳಿ ಇರುವುದು ಸಾಮಾನ್ಯವಾಗಿ ಹಳೆಯ ಮದರ್‌ಬೋರ್ಡೇ! ಇಂಟೆಲ್ ಆರ್ಕ್ ಕಾರ್ಡುಗಳಿಗೂ ಇಂತಹ ಒಂದು ನಿಬಂಧನೆಯಿದೆ. ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದಿದ್ದರೆ ಅವುಗಳ ವೇಗ ಗಣನೀಯವಾಗಿ ಕುಗ್ಗುತ್ತದೆ.

ವಿದ್ಯುತ್ತು, ಸ್ಥಳ ಮತ್ತು ಶಾಖ

ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಗರಿಷ್ಠ 75 ವ್ಯಾಟ್ ಒದಗಿಸಬಲ್ಲದು. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬೇಕು. 6 ಪಿನ್ನಿನ ಕೇಬಲ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್, ಹೊಸ ಬಗೆಯ 16 ಪಿನ್ನಿನದು 600 ವ್ಯಾಟ್‌ವರೆಗೆ ಪೂರೈಸುತ್ತವೆ. ಆರ್‌ಟಿಎಕ್ಸ್ 4060ಕ್ಕೆ 115 ವ್ಯಾಟ್ ಸಾಕಾದರೆ ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್ ಬೇಕು. 4090ರ 16 ಪಿನ್ ಕನೆಕ್ಟರುಗಳು ಕರಗಿದ ಪ್ರಕರಣಗಳು 2022ರಲ್ಲಿ ವರದಿಯಾದವು. ಕೇಬಲ್ ಪೂರ್ತಿಯಾಗಿ ಒಳಸೇರದಿರುವುದು ಅದಕ್ಕೆ ಒಂದು ಮುಖ್ಯ ಕಾರಣವೆಂದು ಕಂಡುಬಂದು, ನಂತರ ಕನೆಕ್ಟರಿನ ವಿನ್ಯಾಸವನ್ನು ತಿದ್ದಲಾಯಿತು.

ಕ್ಯಾಬಿನೆಟ್ಟಿನೊಂದಿಗೆ ಬರುವ ಹೆಸರಿಲ್ಲದ ಎಸ್‌ಎಂಪಿಎಸ್‌ಗಳ ಮೇಲೆ ನಮೂದಿಸಿದ ವ್ಯಾಟ್ ಸಂಖ್ಯೆಯನ್ನು ನಂಬುವಂತಿಲ್ಲ. 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ದೊರೆಯುತ್ತದೆಂಬುದನ್ನು ಅದರ ಪಟ್ಟಿಯಲ್ಲಿ ನೋಡಬೇಕು. 80 ಪ್ಲಸ್ ಎಂಬ ಮುದ್ರೆ ವಿದ್ಯುತ್ತಿನ ಸದ್ಬಳಕೆಯ ಅಳತೆಯೇ ಹೊರತು ಬಾಳಿಕೆಯ ಖಾತರಿಯಲ್ಲ. ಕಚೇರಿಗಳಿಂದ ಹರಾಜಿಗೆ ಬಂದ ಬ್ರಾಂಡೆಡ್ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಕೇಬಲ್ ಇರುವುದಿಲ್ಲ. ಅಂತಹವುಗಳಿಗೆ ಸ್ಲಾಟಿನ ವಿದ್ಯುತ್ತಿನಿಂದಲೇ ನಡೆಯುವ ಕಾರ್ಡು ಬೇಕು: ಜಿಟಿಎಕ್ಸ್ 1650ರ ಕೆಲವು ಮಾದರಿಗಳು, 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಇತ್ಯಾದಿ. ಕ್ಯಾಬಿನೆಟ್ ತೆಳುವಾಗಿದ್ದರೆ ಅರ್ಧ ಎತ್ತರದ ಮಾದರಿಯನ್ನೇ ಹುಡುಕಬೇಕು. ಕೊಳ್ಳುವ ಮುನ್ನ ಒಳಗಿನ ಉದ್ದವನ್ನು ಅಳತೆಪಟ್ಟಿಯಿಂದ ಅಳೆದು, ಕಾರ್ಡಿನ ಉದ್ದ ಮತ್ತು ದಪ್ಪದೊಂದಿಗೆ ಹೋಲಿಸಬೇಕು.

ರಾಯಚೂರು, ಕಲಬುರಗಿಗಳಂತಹ ಊರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದರಿಂದ, ತಂಪು ದೇಶಗಳ ವಿಮರ್ಶಕರು ಹೇಳುವ ಶಾಖದ ಅಂಕಿಗಳು ಇಲ್ಲಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಗಾಳಿಯಾಡುವ ಕ್ಯಾಬಿನೆಟ್ ಮತ್ತು ಧೂಳು ತೆಗೆಯುವ ಅಭ್ಯಾಸ ಅಗತ್ಯ.

ತಂತ್ರಾಂಶದ ಬೆಂಬಲ

ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕುವ ರೇ ಟ್ರೇಸಿಂಗ್ ಸೌಲಭ್ಯ 2018ರ ಆರ್‌ಟಿಎಕ್ಸ್ 20 ಸರಣಿಯಿಂದ ಗೇಮಿಂಗ್ ಕಾರ್ಡುಗಳಿಗೆ ಬಂತು. ಬಹುಕಾಲ ಅದು ಐಚ್ಛಿಕವಾಗಿತ್ತು. 2024ರ ಡಿಸೆಂಬರಿನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್' ಆಟಕ್ಕೆ ಅದು ಕಡ್ಡಾಯ. ಜಿಟಿಎಕ್ಸ್ ಕಾರ್ಡುಗಳಿಗೆ ಅಲ್ಲಿ ಪ್ರವೇಶವಿಲ್ಲ. ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರ ರಚಿಸಿ ಹಿಗ್ಗಿಸುವ ಡಿಎಲ್ಎಸ್ಎಸ್, ಎಫ್ಎಸ್ಆರ್, ಎಕ್ಸ್‌ಇಎಸ್ಎಸ್ ವಿಧಾನಗಳು ದುರ್ಬಲ ಕಾರ್ಡಿನ ಆಯುಷ್ಯವನ್ನು ನಿಜವಾಗಿಯೂ ಹೆಚ್ಚಿಸಿವೆ. ಆದರೆ ಎರಡು ಚಿತ್ರಗಳ ನಡುವೆ ಮೂರನೆಯದನ್ನು ಊಹಿಸಿ ಸೇರಿಸುವ ಫ್ರೇಮ್ ಜನರೇಷನ್ ಚಲನೆಯನ್ನು ನಯವಾಗಿಸುತ್ತದೆಯೇ ಹೊರತು ಕೈಯಾಡಿಸಿದ ಕೂಡಲೇ ಆಟ ಸ್ಪಂದಿಸುವ ವೇಗವನ್ನು ಹೆಚ್ಚಿಸುವುದಿಲ್ಲ. ಜಾಹೀರಾತಿನ ದೊಡ್ಡ ಸಂಖ್ಯೆಗಳಲ್ಲಿ ಇದು ಸೇರಿದೆಯೇ ಎಂದು ಗಮನಿಸಬೇಕು.

ಖರೀದಿ ಮತ್ತು ಬಳಸಿದ ಕಾರ್ಡುಗಳು

ವಿದೇಶಗಳಲ್ಲಿ ಘೋಷಣೆಯಾಗುವ ಡಾಲರ್ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿದರೆ ಇಲ್ಲಿನ ಬೆಲೆ ಸಿಗುವುದಿಲ್ಲ. ಆ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಹಲವು ಅಂಗಡಿಗಳ ದರವನ್ನು ಹೋಲಿಸಬಹುದು. ಬಿಲ್ಲಿಲ್ಲದೆ ಕಡಿಮೆ ದರಕ್ಕೆ ಕೊಳ್ಳುವುದರಿಂದ ವಾರಂಟಿ ಪಡೆಯುವುದು ಕಷ್ಟವಾಗುತ್ತದೆ.

ಎಥಿರಿಯಮ್ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಅದಕ್ಕೆ ಹಗಲಿರುಳು ದುಡಿದ ಅಪಾರ ಸಂಖ್ಯೆಯ ಕಾರ್ಡುಗಳು ಮಾರಾಟಕ್ಕೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ; ಫ್ಯಾನು ಮತ್ತು ಶಾಖವಾಹಕ ಪೇಸ್ಟ್ ಸವೆದಿರುವ ಸಂಭವ ಹೆಚ್ಚು. ಕೊಳ್ಳುವ ಮುನ್ನ ಅರ್ಧ ಗಂಟೆಯಾದರೂ ಭಾರವಾದ ಆಟವನ್ನು ನಡೆಸಿ ನೋಡಬೇಕು. ಹಳೆಯ ಚಿಪ್ಪಿಗೆ ಹೊಸ ಹೆಸರನ್ನು ತುಂಬಿ ಮಾರುವ ನಕಲಿ ಕಾರ್ಡುಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂತಹ ಅನೇಕ ನಕಲಿಗಳನ್ನು ಗುರುತಿಸಿ ತೋರಿಸುತ್ತದೆ.

ಅಳವಡಿಕೆ

ವಿದ್ಯುತ್ ಸಂಪರ್ಕ ಕಡಿದು, ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಸ್ಲಾಟಿನ ತುದಿಯ ಚಿಲಕ ಒತ್ತಿ ಹಳೆಯ ಕಾರ್ಡನ್ನು ಹೊರತೆಗೆಯಬೇಕು. ತಯಾರಕ ಸಂಸ್ಥೆ ಬದಲಾಗುತ್ತಿದ್ದರೆ ಹಳೆಯ ಡ್ರೈವರನ್ನು ಮೊದಲೇ ತೆಗೆದುಹಾಕುವುದು ಉತ್ತಮ. ಹೊಸ ಕಾರ್ಡಿನಿಂದ ವೇಗ ಹೆಚ್ಚಲಿಲ್ಲವೆಂಬ ದೂರುಗಳಲ್ಲಿ ಎರಡು ಸಾಮಾನ್ಯ ಕಾರಣಗಳಿವೆ. ಮಾನಿಟರಿನ ಕೇಬಲನ್ನು ಕಾರ್ಡಿಗೆ ಬದಲಾಗಿ ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿರುವುದು ಒಂದು. 144 ಹರ್ಟ್ಸ್ ಮಾನಿಟರಿದ್ದರೂ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ 60ರಲ್ಲೇ ಉಳಿದಿರುವುದು ಇನ್ನೊಂದು.