ಕೋಲಾರ ಸೀಮೆಯಲ್ಲಿ ಪಾಪ ಮತ್ತು ಕೃಪೆ

ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಕುರುಡುಮಲೆಯ ಹೆಸರನ್ನು ಮೊದಲ ಸಲ ಕೇಳಿದವರು ಅದನ್ನು ಕುರುಡರ ಬೆಟ್ಟವೆಂದು ಭಾವಿಸುವ ಸಂಭವವುಂಟು. ಸ್ಥಳದವರ ಹೇಳಿಕೆ ಬೇರೆ. ದೇವತೆಗಳು ಬಂದು ಕೂಡಿದ ಮಲೆಯಾದುದರಿಂದ ಅದು ಕೂಡುಮಲೆ. ಜನರ ನಾಲಗೆಯ ಮೇಲೆ ಹೊರಳಿ ಹೊರಳಿ ಕುರುಡುಮಲೆಯಾಯಿತು. ಅಲ್ಲಿಯ ಬೃಹತ್ ಗಣಪತಿಯ ಮುಂದೆ ಕೈಮುಗಿದು ನಿಲ್ಲುವವರು ಬೇಡುವುದು ಬಹುಮಟ್ಟಿಗೆ ವಿಘ್ನನಿವಾರಣೆಯನ್ನು. ಕೈಗೊಂಡ ಕೆಲಸ ನಡೆಯಬೇಕು, ಮಗಳ ಮದುವೆ ಕೂಡಬೇಕು, ಕೋರ್ಟಿನ ವ್ಯಾಜ್ಯ ತೀರಬೇಕು. ಇವು ಹೊರಗಿನಿಂದ ಬಂದು ಅಡ್ಡಗಟ್ಟುವ ವಿಘ್ನಗಳು. ಮನುಷ್ಯನ ಒಳಗೇ ಕುಳಿತು, ಅವನು ಬಯಸಿದ ಒಳಿತಿಗೆ ಅವನೇ ಅಡ್ಡವಾಗುವಂತೆ ಮಾಡುವ ವಿಘ್ನವೊಂದುಂಟು. ಕ್ರೈಸ್ತಧರ್ಮವು ಪಾಪವೆಂದು ಕರೆಯುವುದು ಮುಖ್ಯವಾಗಿ ಇದನ್ನು. ಈ ವಿಚಾರವು ಕೋಲಾರದ ಸೀಮೆಗೆ ಹೇಗೆ ಬಂದಿತು, ಬಂದು ಎಂಥ ಪ್ರಶ್ನೆಯನ್ನು ಎದುರಿಸಿತು ಎಂಬುದು ಈ ಭಾಷಣದ ವಿಷಯ.

ಒಳಗಿನ ವಿಘ್ನದ ಮಾತು ಈ ನೆಲಕ್ಕೆ ಹೊಸದಾಗಿರಲಿಲ್ಲ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ 15ನೆಯ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ಅವರು ವ್ಯಾಸರಾಯರ ಗುರುಗಳು. 'ರಂಗವಿಠಲ' ಎಂಬ ಅಂಕಿತದಿಂದ ಕನ್ನಡದಲ್ಲಿ ಹಾಡಿ ದಾಸಪರಂಪರೆಗೆ ದಾರಿ ತೆರೆದವರು. ದಾಸರ ಹಾಡುಗಳಲ್ಲಿ ನಾವು ಮತ್ತೆ ಮತ್ತೆ ಕಾಣುವುದು ಪುಣ್ಯದ ಲೆಕ್ಕವನ್ನು ಒಪ್ಪಿಸುವ ಭಕ್ತನನ್ನಲ್ಲ, ತಪ್ಪನ್ನು ಒಪ್ಪಿಕೊಂಡು ದಯೆಯನ್ನು ಬೇಡುವ ಭಕ್ತನನ್ನು. ಮನುಷ್ಯನು ಒಲ್ಲದಿದ್ದರೂ ಯಾವುದರ ಬಲಾತ್ಕಾರದಿಂದ ಪಾಪಕ್ಕೆ ತೊಡಗುತ್ತಾನೆಂದು ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳುತ್ತಾನೆ. ಧರ್ಮ ಯಾವುದೆಂದು ತಿಳಿದೂ ಅದರತ್ತ ಮನಸ್ಸು ಹರಿಯದೆಂದು ಒಪ್ಪಿಕೊಂಡ ದುರ್ಯೋಧನನ ಮಾತನ್ನು ನಮ್ಮ ಮನೆಗಳ ಹಿರಿಯರು ಬಲ್ಲರು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ತಾನು ಮೆಚ್ಚಿದ್ದನ್ನು ಮಾಡಲಾರದೆ, ದ್ವೇಷಿಸುವುದನ್ನೇ ಮಾಡುತ್ತಿರುವೆನೆಂದು ಕೊರಗುವುದನ್ನು ಓದಿದಾಗ ಕನ್ನಡಿಗನಿಗೆ ಅಪರಿಚಿತ ಧ್ವನಿಯೊಂದನ್ನು ಕೇಳಿದಂತಾಗುವುದಿಲ್ಲ.

ಆದುದರಿಂದ ಪಾದ್ರಿಗಳು ಬಂದಾಗ ಮಾತುಗಳು ಸಿದ್ಧವಾಗಿದ್ದವು. ತೊಡಕು ಹುಟ್ಟಿದ್ದೂ ಅಲ್ಲಿಯೇ. 'ಪಾಪ'ವೆಂದರೆ ನಮ್ಮ ಬಳಕೆಯಲ್ಲಿ ಪುಣ್ಯದ ಎದುರು ಪಕ್ಕದಲ್ಲಿ ಬರೆಯುವ ಖರ್ಚು. ದಾನ, ತೀರ್ಥ, ವ್ರತಗಳಿಂದ ಸರಿದೂಗಿಸಬಹುದಾದ ಬಾಕಿ. ಪೌಲನು ಹೇಳುವ ಪಾಪವು ಒಂದೊಂದಾಗಿ ಎಣಿಸುವ ಕೃತ್ಯಗಳಿಗಿಂತ ಹಿಂದಿನದು. ಮನಸ್ಸು ದೇವರಿಗೆ ಬೆನ್ನುಹಾಕಿ ತನ್ನತ್ತಲೇ ಬಾಗಿರುವ ಸ್ಥಿತಿ. ಈ ಬಾಗನ್ನು ಮೂಲವು ಮಾಂಸವೆಂಬ ಅರ್ಥದ ಗ್ರೀಕ್ ಪದದಿಂದ ಸೂಚಿಸುತ್ತದೆ. ನಮ್ಮ ಸತ್ಯವೇದವು ಅದನ್ನು 'ಶರೀರಭಾವ'ವೆಂದಿತು. ಬಹಳ ಯೋಚಿಸಿ ಇಟ್ಟ ಹೆಸರು ಅದು: ದೋಷವು ಶರೀರದ್ದಲ್ಲ, ಭಾವದ್ದು ಎಂಬುದು ಆ ಒಂದು ಪದದಲ್ಲಿಯೇ ತಿಳಿಯುತ್ತದೆ. ಕೃಪೆಯ ವಿಷಯದಲ್ಲಿ ಕ್ರೈಸ್ತರೊಳಗೇ ಎರಡು ಬಳಕೆಗಳಾದವು. ಕಥೋಲಿಕರು 'ವರಪ್ರಸಾದ'ವೆಂದರು, ದೇವಾಲಯದಲ್ಲಿ ಕೈಯೊಡ್ಡಿ ಪಡೆಯುವ ಪ್ರಸಾದದ ನೆನಪು ಅದರಲ್ಲಿದೆ. ಪ್ರಾಟೆಸ್ಟೆಂಟರು 'ಕೃಪೆ'ಯನ್ನು ಆರಿಸಿಕೊಂಡರು. ಅಲ್ಲಿ ವಸ್ತುವಿಲ್ಲ, ಕೊಡುವವನ ಮನಸ್ಸು ಮಾತ್ರ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ತೊಡಗಿದ ಬೈಬಲಿನ ಅನುವಾದವು 1831ರ ಸುಮಾರಿಗೆ ಪೂರ್ಣವಾಯಿತು. 1850ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. ಪರಮತದ ಹಾಡುಗಳನ್ನು ಒಬ್ಬ ಪಾದ್ರಿ ಏಕೆ ಅಚ್ಚು ಹಾಕಿಸಬೇಕೆಂದು ಕೇಳುವವರಿದ್ದಾರೆ. ಪಾಪ, ಕೃಪೆಗಳ ಕನ್ನಡವನ್ನು ಕಲಿಯಬಯಸುವವನಿಗೆ ಅದಕ್ಕಿಂತ ಉತ್ತಮ ಪಾಠಶಾಲೆ ಬೇರೊಂದಿರಲಿಲ್ಲ ಎಂಬುದೇ ನನ್ನ ಉತ್ತರ.

ವಿಶ್ವಾಸವಿಟ್ಟ ಮೇಲೂ ಪಾಪವು ಉಳಿಯುವುದೇಕೆ? ಕ್ರೈಸ್ತರನ್ನು ಸತತವಾಗಿ ಕಾಡಿದ ಪ್ರಶ್ನೆ ಇದು. 1517ರ ತನ್ನ 95 ಸೂತ್ರಗಳಲ್ಲಿ ಮೊದಲನೆಯದರಲ್ಲಿಯೇ ಮಾರ್ಟಿನ್ ಲೂಥರನು, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕೆಂಬ ಅರ್ಥವನ್ನು ಇರಿಸಿದನು. ಅವನ ಮತದಲ್ಲಿ ವಿಶ್ವಾಸಿಯು ಏಕಕಾಲದಲ್ಲಿ ನೀತಿವಂತನೂ ಹೌದು, ಪಾಪಿಯೂ ಹೌದು. ಜಾನ್ ವೆಸ್ಲಿಗೆ ಇಷ್ಟು ಸಾಲದಾಯಿತು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದರಲ್ಲಿ ಲೂಥರನ ಬರಹವನ್ನೇ ಓದುತ್ತಿದ್ದಾಗ ಅವನ ಮನಸ್ಸು ತಿರುಗಿತಾದರೂ, ಮುಂದೆ ಅವನು ಕೃಪೆಯು ಮನುಷ್ಯನನ್ನು ಕ್ಷಮಿಸಿ ಬಿಟ್ಟುಬಿಡುವುದಿಲ್ಲ, ಪ್ರೇಮದಲ್ಲಿ ಪೂರ್ಣನಾಗುವತನಕ ಬೆಳೆಸುತ್ತದೆ ಎಂದು ಬೋಧಿಸಿದನು. ಶ್ರೀವೈಷ್ಣವರ ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳನ್ನು ಬಲ್ಲವರಿಗೆ ಈ ವಾದದ ಸ್ವಾರಸ್ಯ ಕೂಡಲೇ ತಿಳಿಯುತ್ತದೆ. ಲೂಥರನದು ತಾಯಿ ಬೆಕ್ಕು ಕಚ್ಚಿಕೊಂಡು ಹೋಗುವ ಮರಿ. ವೆಸ್ಲಿಯದು ತಾಯಿಯ ಹೊಟ್ಟೆಯನ್ನು ತಬ್ಬಿ ಹಿಡಿದ ಕೋತಿಮರಿ. ಆದರೆ ಆ ಹಿಡಿತದ ಬಲವೂ ತಾಯಿಯೇ ಕೊಟ್ಟದ್ದೆಂದು ಅವನು ಸೇರಿಸುತ್ತಾನೆ.

ವೆಸ್ಲಿ ವ್ಯವಹಾರ ಬಲ್ಲವನು. ಪಾಪದೊಡನೆ ಹೋರಾಟವು ಒಂಟಿಯಾಗಿ ನಡೆಯುವ ಕೆಲಸವಲ್ಲವೆಂದು ಕಂಡುಕೊಂಡು ಸಣ್ಣ ಸಣ್ಣ ಕೂಟಗಳನ್ನು ಏರ್ಪಡಿಸಿದನು. 1742ರಲ್ಲಿ ಬ್ರಿಸ್ಟಲಿನಲ್ಲಿ ಸಭಾಗೃಹದ ಸಾಲವನ್ನು ತೀರಿಸಲು ವಾರಕ್ಕೊಂದು ಪೆನ್ನಿ ವಸೂಲುಮಾಡಲೆಂದು ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಕಾಸಿಗಾಗಿ ಮನೆಮನೆಗೆ ಹೋದ ಮುಖಂಡರು ಜನರ ನಡತೆಯ ಸ್ಥಿತಿಯನ್ನೂ ಕಂಡು ಬಂದರು. ಸಾಲವಸೂಲಿಯ ಗುಂಪು ಆತ್ಮಪರೀಕ್ಷೆಯ ಗುಂಪಾಯಿತು. ಮೆಥಡಿಸ್ಟರ ಇಡೀ ಶಿಸ್ತು ಬೆಳೆದದ್ದು ಇದರಿಂದ. ಸಭೆಗೆ ಬಂದವರನ್ನು ಕೂಡಲೇ ಪೂರ್ಣ ಸದಸ್ಯರೆಂದು ಎಣಿಸದೆ ಕೆಲವು ಕಾಲ ಪರೀಕ್ಷಾರ್ಥಿಗಳೆಂದು ಇಡುವ ಪದ್ಧತಿ ಬಂದಿತು. ಅಮೆರಿಕದ ಮೆಥಡಿಸ್ಟರು ಈ ಪದ್ಧತಿಯನ್ನು ಭಾರತಕ್ಕೂ ತಂದರು.

ಕೋಲಾರದಲ್ಲಿ ಇದಕ್ಕೆ ಎದುರಾದದ್ದು ಬರಗಾಲದ ಮಕ್ಕಳು. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ ಮಹಾಕ್ಷಾಮವು ಮೈಸೂರು ಸೀಮೆಯನ್ನು ಅರೆದುಹಾಕಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರದಷ್ಟಿದ್ದ ಸಂಸ್ಥಾನದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದರು. ಮಳೆಯನ್ನೂ ಕೆರೆಯನ್ನೂ ನಂಬಿದ ಕೋಲಾರದ ಕಡೆ ಎರಡೂ ಕೈಕೊಟ್ಟವು. ರಾಗಿಯ ಹೊಲಗಳು ಬರಿದಾದವು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು ದಾರಿಯಲ್ಲಿ ಉಳಿದರು. ಮಿಸ್ ಆನ್ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅಂಥ ಮಕ್ಕಳನ್ನು ಕೂಡಿಸಿಕೊಂಡು ಅನಾಥಾಲಯವನ್ನು ನಡೆಸಿದರು. 1890ರಲ್ಲಿ ಅವರು ತಮ್ಮ ಕಾರ್ಯವನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದರು. ಆಗ ಭಾರತದಲ್ಲಿ ಆ ಸಭೆಯ ಬಿಷಪರಾಗಿದ್ದವರು ಜೇಮ್ಸ್ ಥೋಬರ್ನ್.

ಇಲ್ಲಿ ಕನ್ನಡದ ಒಂದು ವಿಶೇಷವನ್ನು ನೆನೆಯಬೇಕು. ನಾವು 'ಪಾಪ' ಎಂಬ ಮಾತನ್ನು ದೋಷಕ್ಕೆ ಬಳಸುವಂತೆಯೇ ಮರುಕಕ್ಕೂ ಬಳಸುತ್ತೇವೆ. ಹಸಿದ ಮಗುವನ್ನು ಕಂಡ ಕನ್ನಡ ತಾಯಿಯ ಬಾಯಿಂದ ಮೊದಲು ಬರುವ ಮಾತು 'ಪಾಪ'ವೆಂದೇ. ಕೋಲಾರದ ಆ ಮಕ್ಕಳು ಎರಡನೆಯ ಅರ್ಥದಿಂದ ಒಳಗೆ ಬಂದರು. ಒಳಗೆ ಬಂದ ಮೇಲೆ ಮೊದಲನೆಯ ಅರ್ಥವನ್ನು ಅವರಿಗೆ ಕಲಿಸಲಾಯಿತು. ಗಂಜಿ ಕೊಟ್ಟ ಕೈಯೇ ಜ್ಞಾನಸ್ನಾನವನ್ನೂ ಕೊಟ್ಟಿತು. ಹಸಿವಿಗಾಗಿ ಬಂದವರ ವಿಶ್ವಾಸವು ವಿಶ್ವಾಸವೇ ಎಂಬ ಆಕ್ಷೇಪವು ಕ್ಷಾಮಕಾಲದ ಮಿಷನ್ನುಗಳನ್ನು ಎಲ್ಲೆಲ್ಲಿಯೂ ಬೆನ್ನಟ್ಟಿತು. ಹೊರಗಿನವರು ಮಾತ್ರ ಕೇಳಿದ ಪ್ರಶ್ನೆಯಲ್ಲ ಇದು. ಮಿಷನರಿಗಳೂ ತಮ್ಮೊಳಗೆ ಕೇಳಿಕೊಂಡರು.

ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕೊಡುವವನಿಗೂ ತೆಗೆದುಕೊಳ್ಳುವ ಎಳೆಯ ಮಗುವಿಗೂ ನಡುವೆ ಬಲದ ಸಮತೆಯಿಲ್ಲ. 'ಬೇಡ' ಎನ್ನುವ ಸ್ವಾತಂತ್ರ್ಯವಿಲ್ಲದ ಕಡೆ 'ಹೌದು' ಎಂಬ ಮಾತಿಗೆ ಬೆಲೆ ಕಡಮೆ. ಆದರೆ ಹಸಿದು ಬಂದವನ ಉದ್ದೇಶವು ಶುದ್ಧವಲ್ಲವೆಂದು ಅವನನ್ನು ತಳ್ಳಿಹಾಕುವುದು ಕೃಪೆಯ ತತ್ತ್ವಕ್ಕೇ ವಿರುದ್ಧವಾದ ಮಾತು. ಯಾರ ಉದ್ದೇಶವೂ ಶುದ್ಧವಲ್ಲವೆಂಬುದೇ ಆ ತತ್ತ್ವದ ಬುನಾದಿ. ಹೊಟ್ಟೆ ತುಂಬಿದವನು ಕೀರ್ತಿಗಾಗಿ, ನೆಮ್ಮದಿಗಾಗಿ, ನರಕದ ಭಯಕ್ಕಾಗಿ ದೇವರ ಬಳಿಗೆ ಹೋಗುವುದಾದರೆ, ಹಸಿದವನು ಅನ್ನಕ್ಕಾಗಿ ಹೋಗುವುದು ಅದಕ್ಕಿಂತ ಕೀಳೆನ್ನುವ ತಕ್ಕಡಿಯನ್ನು ಪೌಲನ ಪತ್ರದಲ್ಲಿ ಹುಡುಕಿದರೆ ಸಿಕ್ಕದು. ತನ್ನ ಕಥೆಯಲ್ಲಿ ತಪ್ಪಿಹೋದ ಮಗನು ಮನೆಗೆ ಮರಳಲು ಕಾರಣವಾದದ್ದು ಹಸಿವೆಂದು ಯೇಸುವೇ ಹೇಳುತ್ತಾನೆ. ತಂದೆಯ ಮನೆಯ ಕೂಲಿಯಾಳುಗಳಿಗೂ ರೊಟ್ಟಿಯಿದೆಯೆಂಬುದು ಆ ಮಗನಿಗೆ ಮೊದಲು ಹೊಳೆದದ್ದು. ಹೀಗಿರುವಾಗ ಮೆಥಡಿಸ್ಟರು ಪರೀಕ್ಷೆಯನ್ನು ಬಾಗಿಲಲ್ಲಿ ಇಡದೆ ಬಾಗಿಲಿನ ಒಳಗೆ ಇಟ್ಟದ್ದು ವಿವೇಕದ ಕೆಲಸವೆಂದು ನನ್ನ ಅಭಿಪ್ರಾಯ. ಏಕೆ ಬಂದೆಯೆಂಬುದಕ್ಕಿಂತ, ಬಂದಮೇಲೆ ಸುಳ್ಳು, ಕುಡಿತ, ಜಾತಿಯ ಹಗೆಗಳೊಡನೆ ಹೇಗೆ ಸೆಣಸುತ್ತಿರುವೆಯೆಂಬುದು ಆ ಶಿಸ್ತಿನ ಪ್ರಶ್ನೆ. ಅದು ಕೆಲವು ವೇಳೆ ಪೊಲೀಸು ಕಾವಲಿನಂತೆ ಬಿರುಸಾಗುವ ಅಪಾಯವೂ ಅದರಲ್ಲಿಯೇ ಇತ್ತು.

ಅದೇ ಕಾಲದಲ್ಲಿ ಜಿಲ್ಲೆಯ ತೆಂಕಣ ಮೂಲೆಯಲ್ಲಿ ಚಿನ್ನದ ಗಣಿಗಳೆದ್ದು, ತಮಿಳು ಕ್ರೈಸ್ತರ ದೊಡ್ಡ ಸಮುದಾಯವೊಂದು ಬೆಳೆಯಿತು. ಅದು ಬೇರೆಯೇ ಚರಿತ್ರೆ. ಕೋಲಾರದ ಊರಿನಲ್ಲಿ 1910ರಲ್ಲಿ ಮೆಥಡಿಸ್ಟ್ ಮಹಿಳೆಯರ ಸಂಘದ ಆಸ್ಪತ್ರೆ ತೆರೆಯಿತು. ಬಿಷಪ್ ಥೋಬರ್ನರ ಸಹೋದರಿ ಎಲೆನ್ ಥೋಬರ್ನ್ ಕೋವೆನ್ ಅವರ ಸ್ಮಾರಕವಾದ ಅದನ್ನು ಜನರು ಇ.ಟಿ.ಸಿ.ಎಂ. ಎಂಬ ನಾಲ್ಕು ಅಕ್ಷರಗಳಿಂದಲೇ ಬಲ್ಲರು. ಕ್ಷಾಮದ ಮಕ್ಕಳು ಅಷ್ಟು ಹೊತ್ತಿಗೆ ನಡುವಯಸ್ಸಿನವರು. ಮಿಷನ್ನಿನ ಆಶ್ರಯದಲ್ಲಿ ಬೆಳೆದ ಆ ತಲೆಮಾರಿನ ಮಕ್ಕಳು ನಾಡಿನ ಹಲವೆಡೆ ಶಾಲೆಯ ಉಪಾಧ್ಯಾಯರಾದರು, ಉಪದೇಶಿಗಳಾದರು, ದಾದಿಯರಾದರು. ಬೈಬಲ್ ಹೆಂಗಸರೆಂದು ಹೆಸರು ಪಡೆದು ಹಳ್ಳಿಗಳ ಜಗಲಿಗಳ ಮೇಲೆ ಕುಳಿತು ತಪ್ಪಿಹೋದ ಮಗನ ಕಥೆಯನ್ನು ಹೇಳಿದರು. ಹಂದಿಗಳಿಗೆ ಹಾಕಿದ ತಿನಿಸನ್ನಾದರೂ ತಿಂದೇನೆಂದು ಆ ಮಗನು ಬಯಸಿದ ಸ್ಥಳಕ್ಕೆ ಕಥೆ ಬಂದಾಗ, ಹಸಿವೆಂದರೇನೆಂದು ಅವರು ಬೇರೆಯವರನ್ನು ಕೇಳಿ ತಿಳಿಯಬೇಕಾಗಿರಲಿಲ್ಲ.